ಕಲ್ಲಿದ್ದಲಿನ ದಾರಿಗೆ ಬದಲು ಹುಡುಕಿದ ದಿವಾನ್ ಶೇಷಾದ್ರಿ ಅಯ್ಯರ್

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತು. ಕೆ.ಜಿ.ಎಫ್.ನಿಂದ ದಿನವೂ ಸಾವಿರಾರು ಜನ ಅದರಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಆದರೆ ಆ ಹಳಿಯನ್ನು ಹಾಕಿಸಿದ್ದು ಮುಖ್ಯವಾಗಿ ಚಿನ್ನದ ಗಣಿಗೆ ಕಲ್ಲಿದ್ದಲು, ಯಂತ್ರ, ಸಾಮಾನು ಸಾಗಿಸಲು. ಅದು ಹಾಕಿದ ಕಾಲದಲ್ಲಿ ಮೈಸೂರಿನ ದಿವಾನರಾಗಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರ್. ಕೆಲವೇ ವರ್ಷಗಳಲ್ಲಿ ಕಲ್ಲಿದ್ದಲೇ ಬೇಡವಾಗುವ ದಾರಿಯನ್ನು ಹುಡುಕಿದವರೂ ಅವರೇ.

ಶೇಷಾದ್ರಿ ಅಯ್ಯರ್ 1845ರ ಜೂನ್ 1ರಂದು ಪಾಲಕ್ಕಾಡ್ ಬಳಿ ಹುಟ್ಟಿದರು. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಅವರನ್ನು ಅಣ್ಣ ಸಾಕಿ ಓದಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1868ರಲ್ಲಿ ಬಿ.ಎ. ಮುಗಿಸಿ, ಅದೇ ವರ್ಷ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಕೆಲಸ ಮಾಡುತ್ತಲೇ ಕಾನೂನು ಪದವಿಯನ್ನೂ ಪಡೆದರು. 1883ರಲ್ಲಿ ದಿವಾನ್ ರಂಗಾಚಾರ್ಲು ತೀರಿಕೊಂಡಾಗ ಆ ಸ್ಥಾನ ಇವರಿಗೆ ಬಂತು. ಆಗ ಅವರ ವಯಸ್ಸು 37. ಮುಂದೆ 18 ವರ್ಷ ಅವರೇ ದಿವಾನರಾಗಿದ್ದರು.

ಕೋಲಾರದ ಗಣಿಗಳು ಬೆಳೆದದ್ದು ಅದೇ ಕಾಲದಲ್ಲಿ. ಆಳದ ನೀರನ್ನು ಮೇಲೆತ್ತಲು, ಅದಿರು ಕುಟ್ಟಲು, ಕಾರ್ಮಿಕರನ್ನು ಇಳಿಸಿ ಹತ್ತಿಸಲು ಉಗಿ ಯಂತ್ರಗಳು ಹಗಲೂ ರಾತ್ರಿ ನಡೆಯಬೇಕಿತ್ತು. ಅವುಗಳಿಗೆ ಬೆಂಕಿ ಬೇಕು. ಸುತ್ತಲಿನ ಸೌದೆ ಕಡಿದರೆ ಕಾಡು ಬರಿದಾಗುತ್ತದೆ. ಕಲ್ಲಿದ್ದಲು ತರೋಣವೆಂದರೆ ಮೈಸೂರು ಸೀಮೆಯಲ್ಲಿ ಅದು ಸಿಗುವುದಿಲ್ಲ, ದೂರದಿಂದಲೇ ಬರಬೇಕು.

ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯ ನಿಲ್ದಾಣದವರೆಗೆ ರೈಲಿತ್ತು. ಅಲ್ಲಿಂದ ಗಣಿಗೆ ಸುಮಾರು 16 ಕಿಲೋಮೀಟರ್. ಎತ್ತಿನ ಗಾಡಿಯಾದರೆ ಊರಿನವರಿಗೆ ಬಾಡಿಗೆ ಸಿಗುತ್ತದೆ. ಆದರೆ ಒಂದು ರೈಲಿನ ಹೊರೆಗೆ ನೂರಾರು ಗಾಡಿ ಬೇಕು. ಬೇಸಿಗೆಯಲ್ಲಿ ದಾರಿಯ ಮನೆಗಳಿಗೆಲ್ಲ ಧೂಳು, ಮಳೆಗಾಲದಲ್ಲಿ ಕೆಸರು. ಸರ್ಕಾರ ರೈಲನ್ನು ಆರಿಸಿತು. 1894ರಲ್ಲಿ ಮಾರಿಕುಪ್ಪಂವರೆಗೆ ಹಳಿ ಬಂತು. ಸಾಗಣೆ ಸಲೀಸಾಯಿತು, ಆದರೆ ಕಲ್ಲಿದ್ದಲಿನ ಖರ್ಚು ನಿಲ್ಲಲಿಲ್ಲ, ಗಣಿಯ ಪಕ್ಕದ ಮನೆಗಳಿಗೆ ಹೊಗೆಯೂ ತಪ್ಪಲಿಲ್ಲ.

ಆಗ ಬಂದದ್ದು ಮತ್ತೊಂದು ಯೋಚನೆ. ಗಣಿಗೆ ಬೇಕಾದದ್ದು ಕಲ್ಲಿದ್ದಲಲ್ಲ, ಅದರಿಂದ ಬರುವ ಶಕ್ತಿ. ಶಿವನಸಮುದ್ರದಲ್ಲಿ ಕಾವೇರಿ ಧುಮುಕುತ್ತಿದ್ದಾಳೆ, ಆ ಶಕ್ತಿಯನ್ನೇ ತಂತಿಯಲ್ಲಿ ಕಳುಹಿಸಿದರೆ? ಎಂಜಿನಿಯರ್ ಡಿ ಲಾಟ್‌ಬಿನಿಯರ್ ಯೋಜನೆ ರೂಪಿಸಿದರು, ಯೂರೋಪು ಅಮೆರಿಕಗಳಿಗೆ ಹೋಗಿ ವಿಚಾರಿಸಿ ಬಂದರು. ಗಣಿಯವರೆಗೆ ಸುಮಾರು 148 ಕಿಲೋಮೀಟರ್ ದೂರ. ಅಷ್ಟು ದೂರ ವಿದ್ಯುತ್ ಸಾಗಿಸಿದ ಉದಾಹರಣೆ ಆಗ ಜಗತ್ತಿನಲ್ಲೇ ಅಪರೂಪ. ದಿವಾನರು ಹಿಂಜರಿಯಲಿಲ್ಲ, ಹಾಗೆಂದು ಕಣ್ಣುಮುಚ್ಚಿ ಹಣ ಸುರಿಯಲೂ ಇಲ್ಲ. ವಿದ್ಯುತ್ತನ್ನು ಕೊಳ್ಳುವ ಬಗ್ಗೆ ಗಣಿ ಕಂಪನಿಗಳೊಡನೆ ಮೊದಲೇ ಒಪ್ಪಂದ ಮಾಡಿಕೊಂಡರು.

ವಿಜ್ಞಾನ ವಿಭಾಗದವರು ಇಲ್ಲಿ ತಮ್ಮ ಪಾಠವನ್ನು ನೆನೆಯಬಹುದು. ವೋಲ್ಟೇಜ್ ಹೆಚ್ಚಿಸಿದರೆ ಅದೇ ಶಕ್ತಿಯನ್ನು ಕಡಿಮೆ ಕರೆಂಟಿನಲ್ಲಿ ಕಳುಹಿಸಬಹುದು. ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತಿರುವುದರಿಂದ, ಕರೆಂಟು ಅರ್ಧವಾದರೆ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ಅದಕ್ಕಾಗಿಯೇ ಆ ಮಾರ್ಗಕ್ಕೆ 35,000 ವೋಲ್ಟ್ ಇಟ್ಟರು.

1902ರ ಜೂನ್ 30ರಂದು ವಿದ್ಯುತ್ ಗಣಿಯನ್ನು ತಲುಪಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಆರೋಗ್ಯ ಕೆಟ್ಟು ನಿವೃತ್ತರಾಗಿದ್ದ ಅವರು 1901ರ ಸೆಪ್ಟೆಂಬರ್ 13ರಂದು ತೀರಿಕೊಂಡಿದ್ದರು.

ಅವರ ಕೆಲಸವನ್ನು ಹೊಗಳುವಾಗ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ತಂತಿ ಹಳ್ಳಿಗಳ ತಲೆಯ ಮೇಲೆ ಹಾದುಹೋಯಿತು, ಆದರೆ ಆ ಮನೆಗಳಲ್ಲಿ ಬಹುಕಾಲ ಉರಿದದ್ದು ಎಣ್ಣೆಯ ದೀಪವೇ. ಗಣಿ 2001ರಲ್ಲಿ ಮುಚ್ಚಿತು, ಸಯನೈಡ್ ದಿಬ್ಬದ ಧೂಳು ಮಾತ್ರ ಗಾಳಿ ಬೀಸಿದಾಗ ಇಂದಿಗೂ ಕೆ.ಜಿ.ಎಫ್. ಮನೆಗಳಿಗೆ ಬರುತ್ತದೆ.

ಇಂದು ನಮ್ಮ ರಸ್ತೆಗಳಲ್ಲಿ ಜಲ್ಲಿಯ ಟಿಪ್ಪರ್‌ಗಳು ಓಡುತ್ತವೆ. ಶ್ರೀನಿವಾಸಪುರ ಸೀಮೆಯ ಮಾವಿನ ಹೂವಿನ ಮೇಲೆ ಧೂಳು ಕೂತರೆ ನಷ್ಟ ರೈತನದು. ಯಾವ ದಾರಿ ಅಗ್ಗ ಎಂಬ ಪ್ರಶ್ನೆಯ ಜೊತೆಗೆ ಯಾರಿಗೆ ಅಗ್ಗ, ಯಾರ ಮನೆಗೆ ಧೂಳು, ಈ ಸಾಗಣೆ ಇಲ್ಲದೆಯೇ ಕೆಲಸ ಆಗುವುದೇ ಎಂಬ ಮೂರು ಪ್ರಶ್ನೆಗಳನ್ನೂ ಕೇಳಬೇಕು. ಮೂರನೆಯದನ್ನು ಶೇಷಾದ್ರಿ ಅಯ್ಯರ್ ಅವರ ಆಡಳಿತ ಕೇಳಿ, ಉತ್ತರವನ್ನೂ ಕಂಡುಕೊಂಡಿತು. ಉಳಿದ ಎರಡನ್ನು ಕೇಳುವ ಕೆಲಸ ನಮ್ಮದು.