ಕಾಗದದ ಮಡಿಕೆಯಲ್ಲಿ ರೇಖಾಗಣಿತ ತೋರಿದ ಸುಂದರರಾವ್

ಮಳೆಗಾಲದಲ್ಲಿ ಹಾನಗಲ್ಲಿನ ಓಣಿಗಳಲ್ಲಿ ನೀರು ಹರಿಯತೊಡಗಿತೆಂದರೆ ಮಕ್ಕಳು ಹಳೆಯ ಪಟ್ಟಿಯ ಹಾಳೆ ಹರಿದು ದೋಣಿ ಮಾಡಿ ಬಿಡುತ್ತಾರೆ. ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿಯೂ ಇದೇ ಆಟ. ಆ ದೋಣಿಯನ್ನು ಬಿಚ್ಚಿ ಹಾಳೆಯನ್ನು ಹರವಿದರೆ ಕಾಣುವ ಗೆರೆಗಳಲ್ಲಿ ಲಂಬರೇಖೆಯಿದೆ, ಸಮಾಂತರ ರೇಖೆಯಿದೆ, ಲಂಬಕೋನದ ಸರಿಯರ್ಧವಿದೆ. ಈ ಗೆರೆಗಳನ್ನೇ ಆಧಾರವಾಗಿಟ್ಟುಕೊಂಡು ಇಡೀ ರೇಖಾಗಣಿತವನ್ನು ಕಟ್ಟಹೊರಟವರು ತಂಡಲಂ ಸುಂದರರಾವ್. ವೃತ್ತಿಯಿಂದ ಅವರು ಗಣಿತದ ಪ್ರಾಧ್ಯಾಪಕರಲ್ಲ, ಮದ್ರಾಸ್ ಪ್ರಾಂತ್ಯದ ಕಂದಾಯ ಇಲಾಖೆಯ ಅಧಿಕಾರಿ.

ಅವರು ಜನಿಸಿದ್ದು 1853ರಲ್ಲಿ. ಕುಂಭಕೋಣದ ಸರಕಾರಿ ಕಾಲೇಜಿನಲ್ಲಿ ಗಣಿತವನ್ನು ಅಭ್ಯಸಿಸಿ 1874ರಲ್ಲಿ ಪದವೀಧರರಾದರು. ಮುಂದೆ ಮೂರು ದಶಕಗಳ ಬಳಿಕ ಶ್ರೀನಿವಾಸ ರಾಮಾನುಜನ್ ಪ್ರವೇಶ ಪಡೆದದ್ದೂ ಇದೇ ಕಾಲೇಜಿನಲ್ಲಿ. ಪದವಿಯ ನಂತರ ಸುಂದರರಾವ್ ತಹಶೀಲ್ದಾರರಾದರು, ಕ್ರಮೇಣ ಡೆಪ್ಯುಟಿ ಕಲೆಕ್ಟರ್ ಹುದ್ದೆಗೇರಿದರು. ಅಂದು ಬಳ್ಳಾರಿ, ದಕ್ಷಿಣ ಕನ್ನಡಗಳು ಮದ್ರಾಸಿಗೆ ಸೇರಿದ್ದವು. ನಮ್ಮ ಭಾಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಹಿರೇಕೆರೂರು ಕೋಡ ತಾಲೂಕಿನ ಕೇಂದ್ರ, ಸವಣೂರು ನವಾಬರ ಸಂಸ್ಥಾನ. ಅಲ್ಲಿ ತಹಶೀಲ್ದಾರರೆನಿಸಿಕೊಂಡವರನ್ನು ಇಲ್ಲಿ ಮಾಮಲೇದಾರರೆನ್ನುತ್ತಿದ್ದರು. ಹೆಸರು ಯಾವುದಾದರೂ ಕೆಲಸ ಒಂದೇ: ಭೂಮಿ, ಕಂದಾಯ, ಕಾಗದಪತ್ರ.

ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ ರೂಪಿಸಿದ ಕಿಂಡರ್‌ಗಾರ್ಟನ್ ಪದ್ಧತಿಯಲ್ಲಿ ಮಕ್ಕಳಿಗೆ ಕೊಡುವ ಆಟಿಕೆಗಳಿಗೆ ಕೊಡುಗೆಗಳೆಂದು ಹೆಸರು. ಎಂಟನೆಯ ಕೊಡುಗೆ ಕಾಗದ ಮಡಿಸುವುದು. ಅದರಲ್ಲಿ ಬಣ್ಣಬಣ್ಣದ 200 ಚೌಕ ಕಾಗದಗಳು, ಮಡಿಕೆ ಒತ್ತುವ ಒಂದು ಸಾಧನ ಹಾಗೂ ಸೂಚನೆಗಳಿರುತ್ತಿದ್ದವು. ಬೇರೆಯವರಿಗೆ ಅದು ಚಿಕ್ಕ ಮಕ್ಕಳ ಕಾಲಕ್ಷೇಪವಾಗಿ ಕಂಡಿತು. ಸುಂದರರಾಯರಿಗೆ ಅದರೊಳಗೆ ಯೂಕ್ಲಿಡ್ ಕಂಡ. 1893ರಲ್ಲಿ, ತಮ್ಮ ನಲವತ್ತರ ವಯಸ್ಸಿನಲ್ಲಿ, ಕಾಗದ ಮಡಿಕೆಯ ರೇಖಾಗಣಿತ ಅಭ್ಯಾಸಗಳನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ಮದ್ರಾಸಿನಲ್ಲಿ ಪ್ರಕಟಿಸಿದರು. ಅದಕ್ಕೆ ಕೈವಾರ ಬೇಡ, ಅಳತೆಪಟ್ಟಿಯೂ ಬೇಡ. ಒಂದು ಚೂರಿ ಮತ್ತು ಸಮ ಅಂತರ ಗುರುತಿಸಲು ಕಾಗದದ ಚೂರುಗಳಿದ್ದರೆ ಸಾಕು.

ಗ್ರಂಥ ಆರಂಭವಾಗುವುದೇ ಅಂಕುಡೊಂಕು ಕಾಗದದಿಂದ. ಅದನ್ನೊಮ್ಮೆ ಮಡಿಸಿ ಮಡಿಕೆಯ ಗುಂಟ ಚೂರಿಯಿಂದ ಕತ್ತರಿಸಿದರೆ ನೇರ ಅಂಚು ದೊರಕುತ್ತದೆ. ಆ ಅಂಚು ತನ್ನ ಮೇಲೆಯೇ ಕೂರುವಂತೆ ಮಡಿಸಿದರೆ ಹೊಸ ಮಡಿಕೆ ಅಂಚಿಗೆ ಲಂಬವಾಗುತ್ತದೆ. ಹೀಗೆಯೇ ಮುಂದುವರಿದರೆ ಆಯತ. ಆಯತದ ಒಂದು ಅಂಚನ್ನು ಪಕ್ಕದ ಅಂಚಿನ ಮೇಲೆ ಓರೆಯಾಗಿ ತಂದು, ಹೊರಚಾಚಿದ ಭಾಗವನ್ನು ಕತ್ತರಿಸಿ ತೆಗೆದರೆ ಚೌಕ ಸಿದ್ಧ. ಶಾಲೆಯ ಮಕ್ಕಳಿಗೆ ಇದು ಬಾರದ ವಿದ್ಯೆಯಲ್ಲ, ಆದರೆ ಏಕೆ ಹೀಗಾಗುತ್ತದೆಂಬ ಪ್ರಶ್ನೆಯನ್ನು ಸುಂದರರಾಯರು ಕೈಬಿಡಲಿಲ್ಲ. ಅಲ್ಲಿಂದ ಸಮಭುಜ ತ್ರಿಕೋನ, ಪಂಚಭುಜ, ಷಡ್ಭುಜ, ಹದಿನೈದು ಭುಜಗಳ ಆಕೃತಿ, ಶ್ರೇಢಿಗಳು, ಕೊನೆಗೆ ಪರವಲಯ, ದೀರ್ಘವೃತ್ತ, ಅತಿಪರವಲಯಗಳವರೆಗೆ ಗ್ರಂಥ ಸಾಗುತ್ತದೆ. ಮಡಿಕೆಯಿಂದ ವೃತ್ತವನ್ನು ಎಳೆಯಲಾಗದು, ಅದರ ಮೇಲಿನ ಬಿಂದುಗಳನ್ನಷ್ಟೇ ಪಡೆಯಬಹುದೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ.

ಮದ್ರಾಸಿನಲ್ಲಿ ಅಚ್ಚಾದ ಈ ಸಣ್ಣ ಪುಸ್ತಕ ಅಲ್ಲಿಯೇ ಮರೆಯಾಗಬಹುದಿತ್ತು. ಜರ್ಮನಿಯ ಪ್ರಖ್ಯಾತ ಗಣಿತಜ್ಞ ಫೆಲಿಕ್ಸ್ ಕ್ಲೈನ್ 1895ರ ತಮ್ಮ ಗ್ರಂಥದಲ್ಲಿ ಅದನ್ನು ಹೆಸರಿಸಿದ್ದೇ ನೆಪವಾಯಿತು. ಆ ಉಲ್ಲೇಖವನ್ನು ಕಂಡ ಅಮೆರಿಕದ ಬೀಮನ್ ಮತ್ತು ಡೇವಿಡ್ ಯೂಜಿನ್ ಸ್ಮಿತ್ ಪುಸ್ತಕಕ್ಕಾಗಿ ಹುಡುಕಾಡಿದರು. ಪ್ರತಿ ಕೈಸೇರಲು ಬಹಳ ವಿಳಂಬವಾಯಿತು. ಓದಿದ ಮೇಲೆ ಲೇಖಕರ ಅನುಮತಿ ಕೋರಿದರು. ಸುಂದರರಾಯರು ಸಂತೋಷದಿಂದ ಒಪ್ಪಿದರು. 1901ರಲ್ಲಿ ಷಿಕಾಗೋದಿಂದ ಪರಿಷ್ಕೃತ ಆವೃತ್ತಿ ಹೊರಬಂತು, ನಿಜವಾಗಿ ಮಡಿಸಿದ ಕಾಗದಗಳ ಛಾಯಾಚಿತ್ರಗಳೊಡನೆ. 1966ರಲ್ಲಿ ನ್ಯೂಯಾರ್ಕಿನ ಡೋವರ್ ಸಂಸ್ಥೆ ಅದನ್ನು ಮರುಮುದ್ರಿಸಿತು.

ಅವರ ಗ್ರಂಥದಲ್ಲಿ ಒಂದು ಕೊರತೆಯಿದೆ. ಗೌರವದ ಭರದಲ್ಲಿ ಅದನ್ನು ಮರೆಮಾಚುವುದು ಸಲ್ಲದು. ಯಾವುದೇ ಕೋನವನ್ನು ಮೂರು ಸಮಭಾಗ ಮಾಡಲು ಅವರು ಕೊಟ್ಟದ್ದು ಅಂದಾಜು ವಿಧಾನ ಮಾತ್ರ. ಹೀಗಾಗಿ ಅವರ ನವಭುಜಾಕೃತಿಯೂ ಅಂದಾಜಿನದೇ. ಘನಮೂಲವನ್ನು ಮಡಿಕೆಯಿಂದ ನಿಖರವಾಗಿ ಪಡೆಯಲಾಗದೆಂಬ ಅರ್ಥವೂ ಅವರ ಬರಹದಿಂದ ಹೊರಡುತ್ತದೆ. ಕೈವಾರ, ಅಳತೆಪಟ್ಟಿಗಳ ಮಿತಿಯೇ ಕಾಗದದ ಮಿತಿಯೂ ಎಂದು ಆ ಕಾಲಕ್ಕೆ ತೋರಿದ್ದು ಸಹಜ. 1936ರಲ್ಲಿ ಇಟಲಿಯ ಗಣಿತಜ್ಞೆ ಮಾರ್ಗರಿಟಾ ಬೆಲೋಕ್ ಅದು ಹಾಗಲ್ಲವೆಂದು ತೋರಿಸಿಕೊಟ್ಟರು. ಎರಡು ಬಿಂದುಗಳನ್ನು ಏಕಕಾಲಕ್ಕೆ ಎರಡು ರೇಖೆಗಳ ಮೇಲೆ ಕೂರಿಸುವ ಒಂದೇ ಮಡಿಕೆಯಿಂದ ಘನ ಸಮೀಕರಣವೇ ಬಿಡಿಸಲ್ಪಡುತ್ತದೆ. ಆ ಮಡಿಕೆ ಎರಡು ಪರವಲಯಗಳಿಗೆ ಸಾಮಾನ್ಯ ಸ್ಪರ್ಶರೇಖೆ. ಪರವಲಯವನ್ನು ಕಾಗದದ ಮೇಲೆ ಮೂಡಿಸುವುದನ್ನು ಕಲಿಸಿದ ಸುಂದರರಾಯರು ಉತ್ತರದ ಬಾಗಿಲವರೆಗೆ ಹೋಗಿ ಮರಳಿದ್ದರೆನ್ನಬೇಕು.

ಇಂದು ಮಡಿಕೆಯ ಗಣಿತ ಯಂತ್ರಶಾಸ್ತ್ರವನ್ನು ಪ್ರವೇಶಿಸಿದೆ. ಲೋಹದ ಕೀಲುಗಳ ಬದಲು ರಬ್ಬರು, ತೆಳುಹಾಳೆಗಳಿಂದ ಮಾಡುವ ಮೃದು ರೋಬೋಟುಗಳಲ್ಲಿ ಮಡಿಕೆಯೇ ಕೀಲಾಗಿ ಕೆಲಸ ಮಾಡುತ್ತದೆ. 2017ರಲ್ಲಿ ಹಾರ್ವರ್ಡ್ ಮತ್ತು ಎಂಐಟಿ ಸಂಶೋಧಕರು ಮಡಿಕೆಯ ಅಸ್ಥಿಪಂಜರವನ್ನು ತೆಳುಚೀಲದೊಳಗಿಟ್ಟು ಗಾಳಿ ಹೀರಿ ಕುಗ್ಗಿಸುವ ಕೃತಕ ಸ್ನಾಯುವನ್ನು ರಚಿಸಿದರು. ಅದು ತನ್ನ ತೂಕದ 1000 ಪಟ್ಟು ಭಾರ ಎತ್ತಬಲ್ಲದಾಗಿತ್ತು. 2018ರಲ್ಲಿ ಹಾರ್ವರ್ಡಿನಲ್ಲಿಯೇ ಪ್ಲಾಸ್ಟಿಕ್ ಹಾಳೆಯಲ್ಲಿ ಸಾಲುಸಾಲಾಗಿ ಸೀಳು ಕೊಯ್ದು ರಬ್ಬರು ಕೊಳವೆಗೆ ಸುತ್ತಿದರು. ಕೊಳವೆಗೆ ಗಾಳಿ ತುಂಬಿದಾಗ ಸೀಳುಗಳು ಹಾವಿನ ಹುರುಪೆಯಂತೆ ಎದ್ದು ನೆಲವನ್ನು ಕಚ್ಚುತ್ತವೆ, ಗಾಳಿ ಬಿಟ್ಟಾಗ ಮಲಗುತ್ತವೆ. ಕೊಳವೆ ಮುಂದಕ್ಕೆ ತೆವಳುತ್ತದೆ.