ಸಕ್ಕರೆಯ ಲೆಕ್ಕ ಕೇಳಿದ ಪ್ರೊಫೆಸರ್: ಜಾನ್ ಯುಡ್ಕಿನ್

ನಮ್ಮ ಅಬ್ಬಾಗೆ ಶುಗರ್ ಇದೆ ಎಂದು ಗೊತ್ತಾದ ದಿನದಿಂದ ಮನೆಯ ಸಕ್ಕರೆ ಡಬ್ಬ ಮೇಲಿನ ಶೆಲ್ಫಿಗೆ ಹೋಗಿದೆ. ಆದರೂ ಮೆಹಮಾನರು ಬಂದರೆ ಅಮ್ಮಿ ಅದನ್ನು ಕೆಳಗಿಳಿಸುತ್ತಾರೆ. ಸಪ್ಪೆ ಚಹಾ ಕೊಡುವುದು ಮರ್ಯಾದೆ ಅಲ್ಲ ಎಂಬುದು ನಮ್ಮ ಮನೆಯ ನಂಬಿಕೆ. ಆಗ ಅಬ್ಬಾ ಕೂಡ ಸುಮ್ಮನೆ ಒಂದು ಕಪ್ ತೆಗೆದುಕೊಳ್ಳುತ್ತಾರೆ. ಸಕ್ಕರೆ ಕಡಿಮೆ ಮಾಡಿ ಎಂದು ಈಗ ಎಲ್ಲ ಡಾಕ್ಟರುಗಳೂ ಹೇಳುತ್ತಾರೆ. ಆದರೆ ಇದನ್ನೇ ಹೇಳಿದ್ದಕ್ಕೆ ಒಬ್ಬ ದೊಡ್ಡ ವಿಜ್ಞಾನಿ ಹಿಂದೊಮ್ಮೆ ಅವಮಾನ ಅನುಭವಿಸಬೇಕಾಯಿತು. ಅವರೇ ಜಾನ್ ಯುಡ್ಕಿನ್.

ಯುಡ್ಕಿನ್ ಅವರು 1910ರಲ್ಲಿ ಲಂಡನ್ ನಗರದಲ್ಲಿ ಹುಟ್ಟಿದರು. ರಷ್ಯಾದಲ್ಲಿ ಯಹೂದಿಗಳ ಮೇಲೆ ನಡೆದ ಹಿಂಸೆಯಿಂದ ತಪ್ಪಿಸಿಕೊಂಡು ಬಂದ ಕುಟುಂಬ ಅವರದು. ಅವರು ತೀರ ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಬಡತನದಲ್ಲೇ ಐದು ಗಂಡು ಮಕ್ಕಳನ್ನು ಸಾಕಿದರು. ಯುಡ್ಕಿನ್ ಅವರು ವಿದ್ಯಾರ್ಥಿವೇತನದಿಂದ ಓದುತ್ತಾ ಕೇಂಬ್ರಿಜ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಜೀವರಸಾಯನಶಾಸ್ತ್ರ ಕಲಿತು ನಂತರ ವೈದ್ಯರೂ ಆದರು. ವೈದ್ಯಕೀಯ ಓದುವಾಗ ಬೇರೆ ವಿದ್ಯಾರ್ಥಿಗಳಿಗೆ ಪಾಠ ಹೇಳಿ ತಮ್ಮ ಖರ್ಚು ನೋಡಿಕೊಂಡರು.

ಅವರ ಮೊದಲ ಸಂಶೋಧನೆಗಳು ಸಕ್ಕರೆಯ ಬಗ್ಗೆ ಇರಲಿಲ್ಲ. ಕೇಂಬ್ರಿಜ್ ಊರಿನ ಶಾಲಾ ಮಕ್ಕಳನ್ನು ಪರೀಕ್ಷಿಸಿದಾಗ, ಬಡವರ ಬಡಾವಣೆಯ ಮಕ್ಕಳು ಎತ್ತರದಲ್ಲಿ, ತೂಕದಲ್ಲಿ ಮತ್ತು ಕೈಹಿಡಿತದ ಬಲದಲ್ಲಿ ಹಿಂದಿರುವುದನ್ನು ಅವರು ಕಂಡರು. ಎರಡನೇ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿ ಆಫ್ರಿಕಾದ ಸಿಯೆರಾ ಲಿಯೋನ್ ದೇಶಕ್ಕೆ ಹೋದರು. ಅಲ್ಲಿನ ಸೈನಿಕರಿಗೆ ಒಂದು ಚರ್ಮರೋಗ ಬರುತ್ತಿತ್ತು. ಅದು ಸೋಂಕು ಎಂದು ಎಲ್ಲರೂ ನಂಬಿದ್ದರು. ಅದು ರೈಬೋಫ್ಲೇವಿನ್ ಎಂಬ ವಿಟಮಿನ್ ಕೊರತೆ ಎಂದು ಯುಡ್ಕಿನ್ ಅವರು ಕಂಡುಹಿಡಿದರು. ಸೈನ್ಯ ರೇಷನ್ನಿನಲ್ಲಿ ಸಿರಿಧಾನ್ಯ ಕೊಡುತ್ತಿತ್ತು, ಅದರಲ್ಲಿ ಆ ವಿಟಮಿನ್ ಇತ್ತು. ಆದರೆ ಆ ಸೈನಿಕರಿಗೆ ಸಿರಿಧಾನ್ಯ ಇಷ್ಟವಿರಲಿಲ್ಲ, ತಿನ್ನುತ್ತಲೇ ಇರಲಿಲ್ಲ. ಕಾಗದದ ಮೇಲೆ ಏನಿದೆ ಎಂಬುದಕ್ಕಿಂತ ಜನ ನಿಜವಾಗಿ ಏನು ತಿನ್ನುತ್ತಾರೆ ಎಂದು ನೋಡಬೇಕು ಎಂಬ ಪಾಠ ಇದರಲ್ಲಿದೆ.

1945ರಲ್ಲಿ ಅವರು ಲಂಡನ್ನಿನ ಒಂದು ಮಹಿಳಾ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಅದೇ ಮುಂದೆ ಕ್ವೀನ್ ಎಲಿಜಬೆತ್ ಕಾಲೇಜ್ ಎಂದು ಹೆಸರಾಯಿತು. ಅಲ್ಲಿ 1954ರಲ್ಲಿ ಅವರು ಪೌಷ್ಟಿಕ ಆಹಾರ ವಿಭಾಗವನ್ನು ಕಟ್ಟಿದರು. ಬ್ರಿಟನ್ನಿನಲ್ಲಿ ಯುದ್ಧದ ಕಾಲದ ಸಕ್ಕರೆ ರೇಷನ್ 1953ರಲ್ಲಿ ಮುಗಿದಿತ್ತು. ಸಕ್ಕರೆ ಅಂಗಡಿಯಲ್ಲಿ ಧಾರಾಳವಾಗಿ ಸಿಗತೊಡಗಿತ್ತು. ಹೃದಯಾಘಾತಗಳೂ ಹೆಚ್ಚುತ್ತಿದ್ದವು. ಇದಕ್ಕೆ ಕೊಬ್ಬು ಕಾರಣ ಎಂದು ಅಮೆರಿಕದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಹೇಳುತ್ತಿದ್ದರು.

1957ರಲ್ಲಿ ಯುಡ್ಕಿನ್ ಅವರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕೊಬ್ಬೊಂದೇ ಕಾರಣ ಎನ್ನಲು ಅಂಕಿಅಂಶಗಳು ಸಾಲವು ಎಂದು ಅದರಲ್ಲಿ ತೋರಿಸಿದರು. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಇದರಲ್ಲಿ ತುಂಬಾ ಇಷ್ಟವಾದ ವಿಷಯ ಒಂದಿದೆ. ಬ್ರಿಟನ್ನಿನಲ್ಲಿ ಹೃದಯರೋಗದ ಸಾವುಗಳ ಏರಿಕೆ ಯಾವುದೇ ಆಹಾರಕ್ಕಿಂತ ರೇಡಿಯೋ ಮತ್ತು ಟಿವಿಗಳ ಸಂಖ್ಯೆಯ ಜೊತೆ ಚೆನ್ನಾಗಿ ಹೊಂದುತ್ತದೆ ಎಂದು ಅವರೇ ಬರೆದರು. ಟಿವಿಯಿಂದ ಹೃದಯಾಘಾತ ಆಗುತ್ತದೆ ಎಂದು ಇದರ ಅರ್ಥವಲ್ಲ. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ನಾವು ಕಲಿಯುವ ಸಹಸಂಬಂಧದ ಪಾಠ ಇದೇ. ಎರಡು ಸಂಗತಿಗಳು ಒಟ್ಟಿಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ.

ಆದ್ದರಿಂದ ಅವರು ಪ್ರಾಣಿಗಳ ಮೇಲೂ ಮನುಷ್ಯರ ಮೇಲೂ ಪ್ರಯೋಗಗಳನ್ನು ಮಾಡಿದರು. ಸಕ್ಕರೆ ಹೆಚ್ಚು ತಿಂದರೆ ಬೊಜ್ಜು ಮತ್ತು ಹಲ್ಲಿನ ಹುಳುಕು ಮಾತ್ರವಲ್ಲ, ಹೃದಯರೋಗ ಮತ್ತು ಮಧುಮೇಹದ ಅಪಾಯವೂ ಇದೆ ಎಂಬ ತೀರ್ಮಾನಕ್ಕೆ ಬಂದರು. 1972ರಲ್ಲಿ ಸಾಮಾನ್ಯ ಜನರಿಗಾಗಿ ಪ್ಯೂರ್, ವೈಟ್ ಅಂಡ್ ಡೆಡ್ಲಿ ಎಂಬ ಪುಸ್ತಕ ಬರೆದರು. ಶುದ್ಧ, ಬಿಳಿ ಮತ್ತು ಮಾರಕ ಎಂದು ಅದರ ಅರ್ಥ.

ಸಕ್ಕರೆ ಉದ್ಯಮಕ್ಕೆ ಇದು ಹಿಡಿಸಲಿಲ್ಲ. ಅವರ ಪುಸ್ತಕ ಕಟ್ಟುಕಥೆ ಎಂದು ಉದ್ಯಮದ ಸಂಸ್ಥೆ ಹೀಯಾಳಿಸಿತು. ಕೀಸ್ ಅವರೂ ಕಟುವಾಗಿ ಟೀಕಿಸಿದರು. ಕೊಬ್ಬು ಕಡಿಮೆ ಮಾಡಿ ಎಂಬುದೇ ಸರಕಾರಗಳ ಸಲಹೆಯಾಯಿತು. ಯುಡ್ಕಿನ್ ಅವರ ಮಾತು ಬದಿಗೆ ಸರಿಯಿತು. 1995ರಲ್ಲಿ ಅವರು ತೀರಿಕೊಂಡಾಗ ಅವರ ಪುಸ್ತಕವನ್ನು ಬಹಳ ಜನ ಮರೆತಿದ್ದರು.

ಮುಂದೆ 2009ರಲ್ಲಿ ಅಮೆರಿಕದ ಮಕ್ಕಳ ವೈದ್ಯ ರಾಬರ್ಟ್ ಲಸ್ಟಿಗ್ ತಮ್ಮ ಉಪನ್ಯಾಸದಲ್ಲಿ ಯುಡ್ಕಿನ್ ಅವರನ್ನು ನೆನೆದರು. 2012ರಲ್ಲಿ ಪುಸ್ತಕ ಮತ್ತೆ ಅಚ್ಚಾಯಿತು. 2016ರಲ್ಲಿ ಇನ್ನೊಂದು ವಿಷಯ ಹೊರಬಂತು. 1967ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಸಕ್ಕರೆಯ ದೋಷವನ್ನು ಕಡಿಮೆ ಮಾಡಿ, ಕೊಬ್ಬನ್ನು ದೂರಿ ಲೇಖನ ಬರೆದಿದ್ದರು. ಅದಕ್ಕೆ ಅಮೆರಿಕದ ಸಕ್ಕರೆ ಉದ್ಯಮದ ಸಂಸ್ಥೆ 6,500 ಡಾಲರ್ ಕೊಟ್ಟಿತ್ತು. ಲೇಖನದಲ್ಲಿ ಆ ಹಣದ ಸುದ್ದಿಯೇ ಇರಲಿಲ್ಲ. ಕಂಪನಿಯ ಲೆಕ್ಕವನ್ನು ಕಂಪನಿಯವರೇ ಪರಿಶೋಧನೆ ಮಾಡಬಾರದು ಎಂದು ನಾವು ಓದುತ್ತೇವೆ. ವಿಜ್ಞಾನಕ್ಕೂ ಅದೇ ನಿಯಮ ಬೇಕು.

ಯುಡ್ಕಿನ್ ಅವರು ಹೇಳಿದ್ದೆಲ್ಲವೂ ಸರಿ ಎಂದಲ್ಲ. ಕೊಬ್ಬಿನ ಪಾತ್ರವನ್ನು ಅವರು ಕಡಿಮೆ ಎಣಿಸಿದರು ಎನ್ನುವ ವಿಜ್ಞಾನಿಗಳು ಈಗಲೂ ಇದ್ದಾರೆ. ಆದರೆ ಸಕ್ಕರೆಯ ಲೆಕ್ಕ ಇಡಬೇಕು ಎಂಬ ಅವರ ಮಾತನ್ನು ಜಗತ್ತು ಒಪ್ಪಿದೆ. ಹೊರಗಿನಿಂದ ಸೇರಿಸುವ ಸಕ್ಕರೆ, ಜೇನು ಮತ್ತು ಹಣ್ಣಿನ ರಸದ ಸಕ್ಕರೆ ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಶೇ. 5 ಎಂದರೆ ಸುಮಾರು 25 ಗ್ರಾಂ, 6 ಟೀ ಚಮಚ. ಅವರದೇ ದೇಶದಲ್ಲಿ 2018ರ ಏಪ್ರಿಲ್‌ನಿಂದ ಸಿಹಿ ಪಾನೀಯಗಳ ಮೇಲೆ ತೆರಿಗೆ ಬಂತು. 100 ಮಿ.ಲೀ.ನಲ್ಲಿ 8 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆ ಇದ್ದರೆ ಆಗ ಲೀಟರಿಗೆ 24 ಪೆನ್ಸ್ ಇತ್ತು. ತೆರಿಗೆ ತಪ್ಪಿಸಲು ಅನೇಕ ಕಂಪನಿಗಳು ತಾವೇ ಸಕ್ಕರೆ ಇಳಿಸಿದವು.

ಇದನ್ನು ಓದಿದ ಮೇಲೆ ನಾನು ಅಮ್ಮಿಯ ಕಿರಾಣಿ ಚೀಟಿ ತೆಗೆದು ನೋಡಿದೆ. ಐದು ಜನರಿಗೆ ತಿಂಗಳಿಗೆ 5 ಕೆ.ಜಿ. ಸಕ್ಕರೆ. ಅಂದರೆ ಒಬ್ಬರಿಗೆ ದಿನಕ್ಕೆ ಸುಮಾರು 33 ಗ್ರಾಂ. ಬೇಕರಿ ತಿಂಡಿ, ಕೂಲ್‌ಡ್ರಿಂಕ್ಸ್ ಇದರಲ್ಲಿ ಸೇರಿಲ್ಲ. ಲೆಕ್ಕವನ್ನು ಅಮ್ಮಿಗೆ ತೋರಿಸಿದೆ. ಅವರು ಏನೂ ಹೇಳಲಿಲ್ಲ, ಆದರೆ ಈ ತಿಂಗಳ ಚೀಟಿಯಲ್ಲಿ 4 ಕೆ.ಜಿ. ಎಂದು ಬರೆದಿದ್ದಾರೆ. ಮೆಹಮಾನರ ಚಹಾಕ್ಕೆ ಸಕ್ಕರೆಯನ್ನು ಬೇರೆ ಬಟ್ಟಲಲ್ಲಿ ಇಡುತ್ತಿದ್ದಾರೆ. ಸ್ನೇಹಿತರೇ, ನೀವೂ ನಿಮ್ಮ ಮನೆಯ ಚೀಟಿ ತೆಗೆದು ಒಮ್ಮೆ ಭಾಗಿಸಿ ನೋಡಿ.