ಮೂರನೇ ಸಲಕ್ಕೆ ತೆರೆದ ಬಾಗಿಲು: ಪ್ಯಾರಿಸ್‌ನಲ್ಲಿ ಜೂಲಿಯಾ ಮಾರ್ಗನ್ ಕಾದ ಎರಡು ವರ್ಷ

1896ನೇ ಇಸವಿ. ಅಮೆರಿಕದ ಕ್ಯಾಲಿಫೋರ್ನಿಯಾದಿಂದ 24 ವರ್ಷದ ಯುವತಿಯೊಬ್ಬರು ಪ್ಯಾರಿಸ್‌ಗೆ ಬಂದಿಳಿದರು. ಆರ್ಕಿಟೆಕ್ಚರ್ ಓದಬೇಕು ಅನ್ನೋದು ಅವರ ಆಸೆ. ಸೇರಬೇಕು ಅಂತ ಬಂದಿದ್ದು ಇಕೋಲ್ ದೆ ಬೋಜಾರ್ ಅನ್ನೋ ಸರ್ಕಾರಿ ಕಲಾ ಶಾಲೆಗೆ. ಕಟ್ಟಡ ವಿನ್ಯಾಸ ಕಲಿಯೋಕೆ ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ಹೆಸರಿನ ಜಾಗ ಇರಲಿಲ್ಲ. ಆದ್ರೆ ತೊಂದರೆ ಒಂದಿತ್ತು. ಆ ಶಾಲೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ತಾನೇ ಇರಲಿಲ್ಲ.

ಆ ಯುವತಿಯ ಹೆಸರು ಜೂಲಿಯಾ ಮಾರ್ಗನ್. ಮುಂದೆ 700ಕ್ಕೂ ಹೆಚ್ಚು ಕಟ್ಟಡಗಳನ್ನು ವಿನ್ಯಾಸ ಮಾಡಿದವರು. ಕ್ಯಾಲಿಫೋರ್ನಿಯಾದ ಪ್ರಸಿದ್ಧ ಹರ್ಸ್ಟ್ ಕ್ಯಾಸಲ್ ಅವರದೇ ಕೆಲಸ. ಅದೆಲ್ಲ ಬಹಳ ಜನಕ್ಕೆ ಗೊತ್ತು. ಆದ್ರೆ ಪ್ಯಾರಿಸ್‌ನಲ್ಲಿ ಅವರು ಕಳೆದ ಮೊದಲ ಎರಡು ವರ್ಷ ಹೇಗಿತ್ತು ಅನ್ನೋದು ಅಷ್ಟಾಗಿ ಗೊತ್ತಿಲ್ಲ.

ಸೀಟೇ ಇಲ್ಲದ ಊರಿಗೆ ಹೋಗಿದ್ಯಾಕೆ?

ಜೂಲಿಯಾ ಹುಟ್ಟಿದ್ದು 1872ರ ಜನವರಿ 20ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಬೆಳೆದಿದ್ದು ಪಕ್ಕದ ಓಕ್‌ಲ್ಯಾಂಡ್‌ನಲ್ಲಿ. 1894ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದರು. ಅಲ್ಲಿ ಆಗ ಆರ್ಕಿಟೆಕ್ಚರ್ ವಿಭಾಗವೇ ಇರಲಿಲ್ಲ. ಹಾಗಾಗಿ ಅದಕ್ಕೆ ಹತ್ತಿರದ್ದು ಅಂತ ಎಂಜಿನಿಯರಿಂಗ್ ಓದಿದ್ದು.

ಅಲ್ಲಿ ಪಾಠ ಮಾಡ್ತಿದ್ದವರಲ್ಲಿ ಬರ್ನಾರ್ಡ್ ಮೇಬೆಕ್ ಅನ್ನೋ ಆರ್ಕಿಟೆಕ್ಟ್ ಒಬ್ಬರು. ಅವರು ಸ್ವತಃ ಪ್ಯಾರಿಸ್‌ನ ಇದೇ ಶಾಲೆಯಲ್ಲಿ ಓದಿದವರು. ಜೂಲಿಯಾ ಕೈಯಲ್ಲಿದ್ದ ಶಕ್ತಿ ಅವರಿಗೆ ಗೊತ್ತಾಯ್ತು. ಈ ಶಾಲೆ ಸದ್ಯದಲ್ಲೇ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಬಹುದು ಅನ್ನೋ ಸುದ್ದಿ ಮುಟ್ಟಿಸಿ, ಹೋಗಿ ಪ್ರಯತ್ನ ಮಾಡಲು ಹುರಿದುಂಬಿಸಿದರು.

ಯೋಚನೆ ಮಾಡಿ. ಕೈಯಲ್ಲಿ ಅಡ್ಮಿಷನ್ ಲೆಟರ್ ಇಲ್ಲ. ನಿಯಮ ಬದಲಾಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಬರೀ ಆಗಬಹುದು ಅನ್ನೋ ಮಾತಿನ ಮೇಲೆ ರೈಲಿನಲ್ಲಿ ಇಡೀ ಅಮೆರಿಕ ದಾಟಿ, ಹಡಗಿನಲ್ಲಿ ಅಟ್ಲಾಂಟಿಕ್ ದಾಟಿ ಹೊರಟರು.

ಗೇಟಿನ ಹೊರಗೆ ಶುರುವಾದ ಓದು

ಪ್ಯಾರಿಸ್‌ಗೆ ಬಂದ ಮೇಲೆ ಜೂಲಿಯಾ ಸುಮ್ಮನೆ ಕೂರಲಿಲ್ಲ. ಆ ಶಾಲೆಯ ಪದ್ಧತಿಯೇ ಬೇರೆ ಥರ. ಉಪನ್ಯಾಸ, ಪರೀಕ್ಷೆ, ಸ್ಪರ್ಧೆಗಳು ಶಾಲೆಯಲ್ಲಿ. ವಿನ್ಯಾಸ ಕಲಿಯೋದು ಮಾತ್ರ ಅತೆಲಿಯೇ ಅಂತ ಕರೆಯೋ ಕೋಣೆಗಳಲ್ಲಿ. ಅನುಭವಿ ಆರ್ಕಿಟೆಕ್ಟ್ ಒಬ್ಬರು ಗುರು, ಅವರ ಕೈಕೆಳಗೆ ಹತ್ತಾರು ಹುಡುಗರು ನಕ್ಷೆ ಬಿಡಿಸ್ತಾ ಕಲಿಯೋದು. ಶಾಲೆಗೆ ಸೇರೋಕೆ ಮೊದಲು ಪ್ರವೇಶ ಪರೀಕ್ಷೆಗೆ ತಯಾರಿಯೂ ಅಲ್ಲೇ ನಡೀತಿತ್ತು. ಮಾರ್ಸೆಲ್ ಪೆರೂಸ್ ದೆ ಮೊಂಕ್ಲೋ ಅನ್ನೋ ಆರ್ಕಿಟೆಕ್ಟ್ ತಮ್ಮ ಅತೆಲಿಯೇಯಲ್ಲಿ ಜೂಲಿಯಾಗೆ ಜಾಗ ಕೊಟ್ಟರು.

ಪ್ರವೇಶ ಪರೀಕ್ಷೆ ಅಂದ್ರೆ ಹುಡುಗಾಟ ಅಲ್ಲ. ಗಣಿತ, ಜ್ಯಾಮಿತಿ, ಇತಿಹಾಸ, ಚಿತ್ರ ಬಿಡಿಸೋದು, ಮಣ್ಣಿನಲ್ಲಿ ಮಾದರಿ ಮಾಡೋದು, ಅದರ ಜತೆ ಒಂದೇ ದಿನದಲ್ಲಿ ಕೂತಲ್ಲೇ ಮುಗಿಸಬೇಕಾದ ಕಟ್ಟಡದ ವಿನ್ಯಾಸ. ಎಲ್ಲವೂ ಫ್ರೆಂಚ್ ಭಾಷೆಯಲ್ಲಿ. ಊರಲ್ಲಿ ಅಡಿ, ಇಂಚಿನಲ್ಲಿ ಲೆಕ್ಕ ಹಾಕಿ ಕಲಿತವರು ಇಲ್ಲಿ ಮೀಟರ್, ಸೆಂಟಿಮೀಟರ್‌ನಲ್ಲಿ ಯೋಚನೆ ಮಾಡಬೇಕು.

ಇನ್ನೊಂದು ಕಡೆ ಫ್ರಾನ್ಸ್‌ನ ಮಹಿಳಾ ಕಲಾವಿದರ ಸಂಘ ವರ್ಷಗಳಿಂದ ಹೋರಾಡ್ತಿತ್ತು. ಸರ್ಕಾರದ ದುಡ್ಡಲ್ಲಿ ನಡೆಯೋ ಶಾಲೆ ಹೆಣ್ಣುಮಕ್ಕಳಿಗೂ ಸೇರಬೇಕು ಅನ್ನೋದು ಅವರ ವಾದ. ಸಂಘ ಕಟ್ಟಿದ ಶಿಲ್ಪಿ ಎಲೆನ್ ಬರ್ತೋ ಈ ಹೋರಾಟದ ಮುಂಚೂಣಿಯಲ್ಲಿದ್ದರು. ಜೂಲಿಯಾಗೂ ಈ ಹೆಣ್ಣುಮಕ್ಕಳ ಪರಿಚಯ ಆಯ್ತು. ಕಡೆಗೆ 1897ರಲ್ಲಿ ಶಾಲೆ ಮಣಿಯಿತು. ಮೊದಲ ವಿದ್ಯಾರ್ಥಿನಿಯರು ಒಳಗೆ ಕಾಲಿಟ್ಟಾಗ ಗಂಡು ವಿದ್ಯಾರ್ಥಿಗಳು ಗಲಾಟೆ ಎಬ್ಬಿಸಿದರು. ಆದ್ರೂ ಬಾಗಿಲು ಮತ್ತೆ ಮುಚ್ಚಲಿಲ್ಲ. ಆ ಹೆಣ್ಣುಮಕ್ಕಳೆಲ್ಲ ಚಿತ್ರಕಲೆ, ಶಿಲ್ಪಕಲೆ ಕಡೆಯವರು. ಆರ್ಕಿಟೆಕ್ಚರ್ ವಿಭಾಗದಲ್ಲಿ ಮಾತ್ರ ಇನ್ನೂ ಒಬ್ಬ ಹೆಣ್ಣುಮಗಳೂ ಇರಲಿಲ್ಲ.

ಎರಡು ಸಲ ಫೇಲು

ಮೊದಲ ಪರೀಕ್ಷೆಯಲ್ಲಿ ಜೂಲಿಯಾಗೆ ಸಿಕ್ಕಿದ್ದು 42ನೇ ಸ್ಥಾನ. ಬರೆದವರು ಮುನ್ನೂರಕ್ಕೂ ಹೆಚ್ಚು ಮಂದಿ. ಪರದೇಶದವರು, ಪರಭಾಷೆ, ಮೊದಲನೇ ಪ್ರಯತ್ನ. ಅದಕ್ಕೆ 42 ಅಂದ್ರೆ ಕಡಿಮೆ ಏನಲ್ಲ. ಆದ್ರೆ ಸೀಟು ಇದ್ದಿದ್ದು 30 ಮಾತ್ರ. ಸಿಗಲಿಲ್ಲ.

ಎರಡನೇ ಸಲ ಬರೆದರು. ಈ ಸಲ ಸೀಟು ಸಿಗುವಷ್ಟು ಚೆನ್ನಾಗೇ ಮಾಡಿದ್ದರು. ಆದ್ರೆ ಪರೀಕ್ಷಕರು ಬೇಕಂತಲೇ ಅಂಕ ಇಳಿಸಿದರು. ಹುಡುಗಿಯರಿಗೆ ಪ್ರೋತ್ಸಾಹ ಕೊಡಬಾರದು ಅನ್ನೋದೇ ಇದಕ್ಕೆ ಕಾರಣ ಅಂತ ಜೂಲಿಯಾ ಊರಿಗೆ ಬರೆದ ಪತ್ರದಿಂದ ಗೊತ್ತಾಗುತ್ತೆ.

ಮೊದಲನೇ ಸೋಲಿಗೂ ಎರಡನೇದಕ್ಕೂ ಬಹಳ ವ್ಯತ್ಯಾಸ ಇದೆ. ಮೊದಲನೇ ಸಲ ಇನ್ನಷ್ಟು ಓದಿದ್ರೆ ಆಗುತ್ತೆ ಅಂತ ಸಮಾಧಾನ ಮಾಡ್ಕೋಬಹುದು. ಎರಡನೇ ಸಲ ಓದಿದ್ದು ಸಾಕಾಗಿತ್ತು, ಆದ್ರೂ ಆಗಲಿಲ್ಲ. ಅಂಥ ಹೊತ್ತಲ್ಲಿ ಪುಸ್ತಕ ಮತ್ತೆ ತೆರೆಯೋದು ಕಷ್ಟ.

ಇದರ ಜತೆಗೆ ಇನ್ನೊಂದು ಪೇಚು. ಆ ಶಾಲೆಯಲ್ಲಿ 30 ವರ್ಷ ತುಂಬಿದ ಮೇಲೆ ಓದೋ ಹಾಗಿಲ್ಲ. ಅಂದ್ರೆ ಗೇಟಿನ ಹೊರಗೆ ಕಳೆದ ಒಂದೊಂದು ತಿಂಗಳೂ ಅವರ ಓದಿನ ಲೆಕ್ಕದಿಂದಲೇ ಕಳೀತಿತ್ತು.

ಪ್ಯಾರಿಸ್‌ನಲ್ಲಿದ್ದ ಕಾಲದಲ್ಲಿ ಫೀಬಿ ಹರ್ಸ್ಟ್ ಅನ್ನೋ ಶ್ರೀಮಂತ ಮಹಿಳೆ ಜೂಲಿಯಾಗೆ ಹಣದ ನೆರವು ಕೊಡಲು ಮುಂದೆ ಬಂದರು. ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಕೈತುಂಬ ದಾನ ಕೊಟ್ಟವರು ಅವರು. ಜೂಲಿಯಾ ವಿನಯದಿಂದಲೇ ಬೇಡ ಅಂದರು. ದುಡ್ಡು ಬಂದ ಮಾತ್ರಕ್ಕೆ ಕೆಲಸ ಸುಧಾರಿಸಲ್ಲ ಅನ್ನೋದು ಅವರ ನಿಲುವಾಗಿತ್ತು.

13ನೇ ಸ್ಥಾನ

ವಾಪಸ್ ಹೋಗೋ ಬದಲು ಜೂಲಿಯಾ ಮತ್ತೆ ತಯಾರಿಗೆ ಕೂತರು. ಫ್ರಾಂಸ್ವಾ ಬೆಂಜಮಿನ್ ಶೋಸ್‌ಮೀಶ್ ಅನ್ನೋ ಹೊಸ ಗುರು ಸಿಕ್ಕರು. ಫ್ರಾನ್ಸ್‌ನ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ದೊಡ್ಡ ಗೌರವವಾದ ಪ್ರಿ ದೆ ರೋಮ್ ಗೆದ್ದವರು ಅವರು.

1898ರ ಕೊನೆಗೆ ಮೂರನೇ ಪ್ರಯತ್ನ. ಫಲಿತಾಂಶ ಬಂತು. 13ನೇ ಸ್ಥಾನ! ಅಂಕ ಇಳಿಸಿ ತಳ್ಳೋಕೆ ಈ ಸಲ ಆಗಲಿಲ್ಲ. ಆ ಶಾಲೆಯ ಆರ್ಕಿಟೆಕ್ಚರ್ ವಿಭಾಗಕ್ಕೆ ಸೇರಿದ ಮೊದಲ ಮಹಿಳೆ ಅವರಾದರು.

ಆಗ ಅವರಿಗೆ 26 ವರ್ಷ. 30 ತುಂಬೋಕೆ ಉಳಿದಿದ್ದು ಮೂರು ವರ್ಷ ಚಿಲ್ಲರೆ. ಬೇರೆಯವರು ಸಾಮಾನ್ಯವಾಗಿ ಐದು ವರ್ಷ ತಗೊಳ್ತಿದ್ದ ಓದನ್ನು ಜೂಲಿಯಾ ಅಷ್ಟರಲ್ಲೇ ಮುಗಿಸಿದರು. ಕೊನೆಯದಾಗಿ ಕೊಟ್ಟ ವಿನ್ಯಾಸ ಒಂದು ಭವ್ಯ ರಂಗಮಂದಿರದ್ದು. 1902ರಲ್ಲಿ ಸರ್ಟಿಫಿಕೇಟ್ ಕೈಗೆ ಬಂತು. ಆರ್ಕಿಟೆಕ್ಚರ್‌ನಲ್ಲಿ ಆ ಶಾಲೆಯಿಂದ ಅದನ್ನು ಪಡೆದ ಮೊದಲ ಮಹಿಳೆಯೂ ಅವರೇ.

ಭೂಕಂಪಕ್ಕೂ ಜಗ್ಗದ ಗೋಪುರ

ಊರಿಗೆ ಮರಳಿದ ಜೂಲಿಯಾ 1904ರಲ್ಲಿ ಕ್ಯಾಲಿಫೋರ್ನಿಯಾದ ಮೊದಲ ಲೈಸೆನ್ಸ್ ಪಡೆದ ಮಹಿಳಾ ಆರ್ಕಿಟೆಕ್ಟ್ ಆದರು. ಅದೇ ವರ್ಷ ಓಕ್‌ಲ್ಯಾಂಡ್‌ನ ಮಿಲ್ಸ್ ಕಾಲೇಜಿನಲ್ಲಿ ಅವರು ವಿನ್ಯಾಸ ಮಾಡಿದ ಗಂಟೆ ಗೋಪುರ ಎದ್ದು ನಿಂತಿತು. ಕಟ್ಟಿದ್ದು ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನಿಂದ. ಆಗ ಅಲ್ಲಿ ಅದು ಹೊಸದು. ಎರಡು ವರ್ಷದ ನಂತರ, 1906ರ ಏಪ್ರಿಲ್‌ನಲ್ಲಿ ಭಾರಿ ಭೂಕಂಪ ಆಯ್ತು. ಸ್ಯಾನ್ ಫ್ರಾನ್ಸಿಸ್ಕೋ ನೆಲಸಮ ಆದರೂ ಈ ಗೋಪುರ ಹಾಗೇ ನಿಂತಿತ್ತು. ಆಮೇಲೆ ಹಾನಿಗೊಂಡ ಫೇರ್‌ಮಾಂಟ್ ಹೋಟೆಲನ್ನು ಮತ್ತೆ ಎಬ್ಬಿಸಿ ನಿಲ್ಲಿಸೋ ಕೆಲಸ ಅವರನ್ನೇ ಹುಡುಕಿಕೊಂಡು ಬಂತು.

ಪ್ಯಾರಿಸ್‌ನಲ್ಲಿ ನೆರವು ಕೊಡ್ತೀನಿ ಅಂದಿದ್ದ ಫೀಬಿ ಹರ್ಸ್ಟ್ ಅವರ ಮಗ, ಪತ್ರಿಕೋದ್ಯಮಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್, 1919ರಲ್ಲಿ ಸ್ಯಾನ್ ಸಿಮಿಯಾನ್ ಬೆಟ್ಟದ ಮೇಲೆ ಬಂಗಲೆ ಕಟ್ಟಿಸೋ ಕೆಲಸವನ್ನು ಜೂಲಿಯಾಗೇ ವಹಿಸಿದರು. ಅದೇ ಹರ್ಸ್ಟ್ ಕ್ಯಾಸಲ್. ಕೆಲಸ 1947ರವರೆಗೆ, 28 ವರ್ಷ ನಡೀತು.

1957ರ ಫೆಬ್ರವರಿ 2ರಂದು, 85ನೇ ವಯಸ್ಸಿನಲ್ಲಿ ಜೂಲಿಯಾ ತೀರಿಕೊಂಡರು. ಅಮೆರಿಕದ ಆರ್ಕಿಟೆಕ್ಟ್‌ಗಳ ಸಂಸ್ಥೆ ತನ್ನ ಅತಿ ದೊಡ್ಡ ಗೌರವವಾದ ಚಿನ್ನದ ಪದಕವನ್ನು ಅವರಿಗೆ ಕೊಟ್ಟಿದ್ದು 2014ರಲ್ಲಿ. ತೀರಿಕೊಂಡು 57 ವರ್ಷ ಆದ ಮೇಲೆ. ಆ ಪದಕ ಪಡೆದ ಮೊದಲ ಮಹಿಳೆ ಕೂಡ ಅವರೇ.

ಇದನ್ನು ಬರೀತಿರೋ ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವನು. ಹಾಗಾಗಿ ಪದಕ, ಬಂಗಲೆಗಿಂತ 1898ರ ಆ ನಡುವಿನ ತಿಂಗಳುಗಳೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಎರಡನೇ ಸಲ ಮೋಸ ಆದಾಗ ಜೂಲಿಯಾ ಹಡಗು ಹತ್ತಿ ವಾಪಸ್ ಬಂದಿದ್ರೆ ಯಾರೂ ತಪ್ಪು ಅಂತಿರಲಿಲ್ಲ. ಅವರ ಹತ್ರ ಎಂಜಿನಿಯರಿಂಗ್ ಡಿಗ್ರಿ ಹೇಗೂ ಇತ್ತು. ಆದ್ರೂ ಅವರು ಮೂರನೇ ಪರೀಕ್ಷೆಗೆ ಹೆಸರು ಕೊಟ್ಟರು. ಈ ವರ್ಷದ ರಿಸಲ್ಟ್ ನೋಡಿ ರೂಮಿನ ಬಾಗಿಲು ಹಾಕ್ಕೊಂಡು ಕೂತಿರೋ ಹುಡುಗ, ಹುಡುಗಿ ನಿಮ್ಮ ಮನೆಯಲ್ಲೂ ಇದ್ರೆ, ಬುದ್ಧಿಮಾತು ಬೇಡ. ಈ ಕಥೆ ಹೇಳಿ ಸಾಕು.